ಸ್ಕ್ರೂ ಅಲ್ಲ, ಬೆರಳು
ಈ ವಾರ ಮೂರು ಸಂಜೆ ಏರ್ ಪಿಸ್ತೂಲಿನ ಟ್ರಿಗರ್ ಸ್ಕ್ರೂ ತಿರುಗಿಸುವುದರಲ್ಲೇ ಕಳೆದುಹೋಯಿತು. ಟ್ರಿಗರ್ ಎಳೆತದ ಎರಡು ಹಂತಗಳಲ್ಲಿ ಮೊದಲನೆಯದರ ಭಾರ ಏರಿಸಿದೆ, ಎರಡನೆಯದರದ್ದು ಇಳಿಸಿದೆ. 10 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಲೇಬೇಕು. ಅದರ ಅಂಚಿಗೇ ತಂದಿಟ್ಟೆ. ಆದರೂ ಸೀಸದ ಪುಟ್ಟ ಗುಂಡುಗಳಾದ ಪೆಲೆಟ್‌ಗಳು ಎಡಕ್ಕೇ ಬೀಳುತ್ತಿದ್ದವು.

ನಿನ್ನೆ ಪೆಲೆಟ್ ಇಲ್ಲದೆ, ಖಾಲಿ ಬಿಳಿ ಗೋಡೆಗೆ ಗುರಿಯಿಟ್ಟು ಅರ್ಧ ಗಂಟೆ ಡ್ರೈ ಫೈರ್ ಮಾಡಿದೆ. ಆಗ ಕಣ್ಣಿಗೆ ಬಿತ್ತು: ಟ್ರಿಗರ್ ಬಿಡುವ ಕ್ಷಣಕ್ಕೆ ಸರಿಯಾಗಿ ಇಡೀ ಅಂಗೈ ಬಿಗಿಯುತ್ತದೆ, ನಳಿಗೆಯ ತುದಿಯಲ್ಲಿರುವ ಗುರಿಕಡ್ಡಿ (ಫ್ರಂಟ್ ಸೈಟ್) ಕೂದಲೆಳೆಯಷ್ಟು ಎಡಕ್ಕೆ ಜಾರುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವೇ 11.5 ಮಿ.ಮೀ. ಗುರಿ ತಪ್ಪಲು ಕೂದಲೆಳೆಯಷ್ಟು ಜಾರಿದರೂ ಸಾಕು!

ಟ್ರಿಗರ್ ಚೆನ್ನಾಗಿರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಗಿಯುವ ಅಂಗೈಯನ್ನು ಯಾವ ಸ್ಕ್ರೂ ಸಡಿಲಿಸೀತು? ಸ್ಕ್ರೂ ತಿರುಗಿಸುವ ಅಲೆನ್ ಕೀ ಪೆಟ್ಟಿಗೆ ಸೇರಿದೆ. ಈ ತಿಂಗಳೆಲ್ಲ ನಾನು, ಗೋಡೆ, ದಿನಕ್ಕೆ ಅರ್ಧ ಗಂಟೆ.