ಶಿಶುಪಾಲನಾ ಕೇಂದ್ರದ ಟ್ರಸ್ಟಿಯಾಗುವವರು ತಿಳಿದಿರಬೇಕಾದ ಲೆಕ್ಕಗಳು

ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ, ಗಾರೆ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲಿನಲ್ಲಿ ನೋಡಿಕೊಳ್ಳುವ ಸಂಸ್ಥೆಗೆ ಸಂಬಳವಿಲ್ಲದ ಟ್ರಸ್ಟಿಯಾಗಿ ಬನ್ನಿ ಎಂದು ಕರೆ ಬಂದರೆ, ಒಪ್ಪುವ ಮೊದಲು ಟ್ರಸ್ಟ್ ಡೀಡ್ (ಟ್ರಸ್ಟಿನ ಸ್ಥಾಪನಾ ಪತ್ರ), ಮೂರು ವರ್ಷಗಳ ಆಡಿಟ್ ವರದಿ ಮತ್ತು ಸಭೆಗಳ ನಡಾವಳಿ ಪುಸ್ತಕ ತರಿಸಿಕೊಂಡು ಓದಿ. ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಎಷ್ಟು, ಚೆಕ್ಕಿಗೆ ಯಾರ್ಯಾರ ಸಹಿ ಬೇಕು, ಟ್ರಸ್ಟಿ ಹೊರಬರುವುದು ಹೇಗೆ ಎಂಬುದು ಡೀಡಿನಲ್ಲೇ ಇರುತ್ತದೆ. ನಡಾವಳಿ ತೋರಿಸಲು ಹಿಂದೆಮುಂದೆ ನೋಡುವ ಕಡೆ ಹೋಗಲೇಬೇಡಿ.

ಸೇರಿದ ಮೇಲೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆಯಾಗಳ ಸಂಬಳ. ಎರಡು ತಿಂಗಳು ಸಂಬಳ ತಡವಾದರೆ ಆಯಾ ಬೇರೆ ಕೆಲಸ ಹುಡುಕಿಕೊಳ್ಳುತ್ತಾಳೆ. ಅವಳ ಮಡಿಲಿಗೆ ಒಗ್ಗಿದ್ದ ಒಂದೂವರೆ ವರ್ಷದ ಕೂಸು ಹೊಸಬರ ಕೈಯಲ್ಲಿ ಊಟ ಬಿಡುತ್ತದೆ, ನಿದ್ದೆ ಬಿಡುತ್ತದೆ. ತಾಯಿ ರಜೆ ಹಾಕುತ್ತಾಳೆ, ಕೊನೆಗೆ ಅವಳ ಕೆಲಸಕ್ಕೇ ಕುತ್ತು ಬರುತ್ತದೆ. ದಾನಿಗಳು ಆಟಿಕೆ, ಜಮಖಾನ, ಗೋಡೆಯ ಬಣ್ಣಕ್ಕೆ ಖುಷಿಯಿಂದ ಕೊಡುತ್ತಾರೆ. ಸಂಬಳಕ್ಕೆ ಕೇಳಿದರೆ ‘ಅದು ಆಡಳಿತ ವೆಚ್ಚ’ ಎನ್ನುತ್ತಾರೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಯಮದಲ್ಲಿರುವ ಶೇ. 5ರ ಮಿತಿ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ ಹಾಕಿದ್ದು. ಯೋಜನೆ ಜಾರಿಗೆ ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲವೆಂದು 2021ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಮಗು ನೋಡಿಕೊಳ್ಳುವವಳ ಸಂಬಳವೇ ಇಲ್ಲಿ ಯೋಜನೆ. ಪ್ರಸ್ತಾವನೆಯಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಬ್ಯಾಂಕ್ ಖಾತೆಯಲ್ಲಿರುವ ಒಟ್ಟು ಹಣವನ್ನು ಮಾತ್ರ ನೋಡಿ ನೆಮ್ಮದಿಪಡಬಾರದು. ಖಾತೆಯಲ್ಲಿ 6 ಲಕ್ಷವಿದ್ದು, ಅದರಲ್ಲಿ ನಾಲ್ಕೂವರೆ ಲಕ್ಷ ಅಡುಗೆಮನೆ ಕಟ್ಟಲೆಂದೇ ಬಂದದ್ದಾದರೆ ಸಂಬಳಕ್ಕೆ ಸಿಗುವುದು ಒಂದೂವರೆ ಲಕ್ಷ ಮಾತ್ರ. ಅನುದಾನದ ಮುಂದಿನ ಕಂತು ಬರಬೇಕೆಂದರೆ ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗಿರಬೇಕು, ಅಲ್ಲಿಂದ ಮುಂದೆಯೂ ಹಣ ತಡವಾಗಬಹುದು. ಹಾಗಾಗಿ ಮೂರು ತಿಂಗಳ ಸಂಬಳದಷ್ಟು ಹಣವನ್ನು ಬೇರೆಯೇ ಇಟ್ಟು, ಸಭೆಯ ಠರಾವಿಲ್ಲದೆ ಮುಟ್ಟುವಂತಿಲ್ಲ ಎಂದು ಬರೆಸಿ. ಪ್ರತಿ ಮಗುವಿನ ಖರ್ಚನ್ನು ದಾಖಲಾತಿಯಿಂದ ಭಾಗಿಸದೆ ಸರಾಸರಿ ಹಾಜರಿಯಿಂದ ಭಾಗಿಸಿ ನೋಡಿ. ತಿಂಗಳಿಗೆ 60,000 ರೂಪಾಯಿ ಖರ್ಚಾಗುವ ಕೇಂದ್ರದಲ್ಲಿ 25 ಮಕ್ಕಳ ಹೆಸರಿದ್ದರೆ ತಲಾ 2,400. ನಿತ್ಯ ಬರುವವರು 18 ಆದರೆ ಸುಮಾರು 3,333. ಏಳು ಮಕ್ಕಳು ಏಕೆ ಬರುತ್ತಿಲ್ಲ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಎಷ್ಟೋ ಸಲ ಉತ್ತರ ಕೇಂದ್ರದ ಸಮಯದಲ್ಲೇ ಇರುತ್ತದೆ: ತಾಯಿಯ ಪಾಳಿ ಮುಗಿಯುವುದು ಆರಕ್ಕೆ, ಕೇಂದ್ರ ಮುಚ್ಚುವುದು ಐದಕ್ಕೆ.

ಕೇಂದ್ರಕ್ಕೆ ಹೋಗುವಾಗ ಹಾರ ತುರಾಯಿಯ ದಿನ ಬೇಡ, ಯಾವುದಾದರೂ ಮಾಮೂಲಿ ದಿನ ಊಟದ ಹೊತ್ತಿಗೆ ಹೋಗಿ. ಹಾಜರಿ ಪುಸ್ತಕದಲ್ಲಿರುವ ಸಂಖ್ಯೆಯನ್ನೂ ತಟ್ಟೆಗಳನ್ನೂ ಹೋಲಿಸಿ. ಫಿನಾಯಿಲ್ ಬಾಟಲಿ ಎಲ್ಲಿದೆ, ನೀರಿನ ಡ್ರಮ್ಮಿಗೆ ಮುಚ್ಚಳವಿದೆಯೇ, ಸಂಜೆ ಮಗುವನ್ನು ಕರೆದೊಯ್ಯಬಹುದಾದವರ ಹೆಸರು, ಫೋಟೋ ಇರುವ ಪುಸ್ತಕವಿದೆಯೇ ನೋಡಿ. 2022ರಿಂದ ‘ಪಾಲನಾ’ ಎಂದಾಗಿರುವ ರಾಷ್ಟ್ರೀಯ ಶಿಶುಪಾಲನಾ ಯೋಜನೆಯ ಮಾದರಿಯಲ್ಲಿ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಒಬ್ಬರು ರಜೆ ಹಾಕಿದ ದಿನ ಇನ್ನೊಬ್ಬರು ಒಂದು ಮಗುವನ್ನು ಶೌಚಕ್ಕೆ ಕರೆದೊಯ್ದರೆ ಉಳಿದ 24 ಮಕ್ಕಳನ್ನು ನೋಡುವವರೇ ಇಲ್ಲ. ಬದಲಿ ಆಯಾಗೆ ಬಜೆಟ್ಟಿನಲ್ಲಿ ಹಣ ಇಡಲೇಬೇಕು.

ಲೈಂಗಿಕ ದೌರ್ಜನ್ಯದ ದೂರು ಬಂದರೆ ‘ಮೊದಲು ನಾವೇ ವಿಚಾರಿಸೋಣ’ ಎನ್ನುವುದು ಅಪರಾಧಕ್ಕೆ ದಾರಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಪ್ರತಿ ಕೇಂದ್ರದ ಗೋಡೆಯ ಮೇಲೆ ಬರೆಸಿ.

ತೆರಿಗೆಯ ಗಡುವುಗಳನ್ನು ಆಡಿಟರ್ ನೋಡಿಕೊಳ್ಳುತ್ತಾರೆ ಎಂದು ಬಿಟ್ಟುಬಿಡಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯಡಿ ದಾನಿಗಳ ವಿವರದ 10ಬಿಡಿ ನಮೂನೆಗೆ ಮೇ 31 ಕೊನೆ ದಿನ. ತಪ್ಪಿದರೆ ದಿನಕ್ಕೆ 200 ರೂಪಾಯಿ ಶುಲ್ಕ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ದಾನಿಗೆ 80ಜಿ ಕಲಮಿನ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಟ್ರಸ್ಟಿಯೊಬ್ಬರ ಮನೆಯನ್ನೇ ಮಾರುಕಟ್ಟೆ ದರ ಮೀರಿ ಬಾಡಿಗೆಗೆ ಪಡೆದರೆ 13ನೇ ಕಲಮಿನಡಿ ತೆರಿಗೆ ವಿನಾಯಿತಿಗೇ ಪೆಟ್ಟು ಬೀಳುತ್ತದೆ. 2026ರ ಏಪ್ರಿಲ್ 1ರಿಂದ ಇದರ ಬದಲಿಗೆ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುನ್ನ ಆಡಿಟರನ್ನು ಕೇಳಿ.

ಹೊರದೇಶದ ಕನ್ನಡಿಗರ ಹಣದಲ್ಲಿ ಎಡವುವ ಟ್ರಸ್ಟುಗಳು ಬಹಳ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ವಂತಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ತೆಗೆದಿಟ್ಟುಕೊಳ್ಳಿ. ಅಮೆರಿಕದ ಪೌರತ್ವ ಪಡೆದವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದ್ದರೂ ಅವರ ಹಣ ವಿದೇಶಿಯೇ. ಅಲ್ಲಿನ ಕನ್ನಡ ಕೂಟ ಸಂಗ್ರಹಿಸಿ ಕಳಿಸಿದರೂ ಅಷ್ಟೇ. ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ಅನುಮತಿಯಿಲ್ಲದೆ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ನಿಗದಿತ ಖಾತೆಯಿಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ.

ಬಿಡುವಾಗ ಲಿಖಿತ ರಾಜೀನಾಮೆ ಕೊಟ್ಟು, ನಡಾವಳಿಯಲ್ಲಿ ದಾಖಲಾದ ಪ್ರತಿ ಪಡೆದು, ಬ್ಯಾಂಕಿನಲ್ಲೂ ತೆರಿಗೆ ಜಾಲತಾಣದಲ್ಲೂ ನಿಮ್ಮ ಸಹಿಯ ಅಧಿಕಾರ ತೆಗೆಸಿಕೊಳ್ಳಿ.