ಗೌರಿ ಕದಲದೆ ನಿಂತಳು: ಜಟಕಾ ಬಿಚ್ಚುವ ಸರದಿ

ನಿನ್ನೆ ಸಂಜೆ ಜಟಕಾ ಬಿಚ್ಚುವಾಗ ನನ್ನ ಕುದುರೆ ಗೌರಿ ಕದಲದೆ ನಿಂತಳು. ಗಾಡಿ ಹಿಂದೆ ಸರಿದು, ಕುದುರೆಯ ಎರಡೂ ಪಕ್ಕಕ್ಕೆ ಚಾಚಿರುವ ಗಾಡಿಯ ಉದ್ದ ಮರಗಳು, ಅಂದರೆ ಮೂಕಿಗಳೆರಡೂ ಅವಳ ಪಕ್ಕೆ ದಾಟಿ ನೆಲ ಮುಟ್ಟುವವರೆಗೂ ಒಂದು ಹೆಜ್ಜೆ ಮುಂದಿಡಲಿಲ್ಲ. ಮೂರು ವಾರದಿಂದ ಇದಕ್ಕಾಗಿಯೇ ಕಾದಿದ್ದೆ.

ಹೂಡುವುದು, ಓಡಿಸುವುದು ನಿಮಗೆಲ್ಲ ಗೊತ್ತಿರುವುದೇ, ಬಿಡಿ. ನನ್ನ ಪಾಡೆಲ್ಲ ಬಿಚ್ಚುವ ಹೊತ್ತಿನದು. ಸುತ್ತು ಮುಗಿಸಿ ಬಂದು ಬಕಲ್‌ಗೆ ಕೈ ಹಾಕಿದರೆ ಸಾಕು, ಗೌರಿ ಮುಂದಕ್ಕೆ ಚಿಮ್ಮುತ್ತಿದ್ದಳು. ಮೊದಲ ದಿನವೇ ಬಲಗಡೆ ಮೂಕಿ ಅವಳ ತೊಡೆಗೆ ಬಡಿಯಿತು. ಆಮೇಲೆ ಬಕಲ್ ಸದ್ದು ಕೇಳಿದರೇ ಕಿವಿ ಹಿಂದಕ್ಕೆ ಮಡಿಸುತ್ತಿದ್ದಳು. ಅವಳ ಆ ಅಂಜಿಕೆ ನೋಡಿ ರಾತ್ರಿ ಊಟ ಸೇರುತ್ತಿರಲಿಲ್ಲ.

ಮೊದಲು ಬಕಲ್‌ಗಳ ಮೇಲೆ ಅನುಮಾನ ಬಂತು. ಹಿತ್ತಾಳೆ ಎಂದು ಅಂಗಡಿಯವರು ಕೊಟ್ಟದ್ದು ಹಿತ್ತಾಳೆ ಲೇಪದ ಕಬ್ಬಿಣ! ಬೆವರಿಗೆ ತುಕ್ಕು ಹಿಡಿದು ಮುಳ್ಳು ತೂತಿನಲ್ಲೇ ಕಚ್ಚಿಕೊಂಡಿತ್ತು. ಬಿಡಿಸಲು ಬಾರು ಜಗ್ಗಬೇಕು. ಜಗ್ಗಿದರೆ ಎದೆಪಟ್ಟಿ ಬಿಗಿಯುತ್ತದೆ. ಬಿಗಿದರೆ ಗೌರಿಗೆ ಹೊರಡು ಎಂದಂತೆ. ಮೂರು ಅಂಗಡಿ ಅಲೆದು, ಹಳೇ ಸಾಮಾನಿನ ರಾಶಿಯಲ್ಲಿ ಗಟ್ಟಿ ಹಿತ್ತಾಳೆಯವನ್ನು ಹುಡುಕಿ ತಂದು ಹೊಲಿಸಿದೆ. ಚಿಮ್ಮುವುದು ಮಾತ್ರ ನಿಲ್ಲಲಿಲ್ಲ.

ಮೈಸೂರಿನಲ್ಲಿ ವರ್ಷಗಟ್ಟಲೆ ಜಟಕಾ ಹೊಡೆದ ಸಾಬರೊಬ್ಬರನ್ನು ಕರೆತಂದೆ. ಮಾತಾಡದೆ ಒಂದು ಸಲ ಪೂರ್ತಿ ನೋಡಿದರು. "ಎಳೆಯೋ ಬಾರು ಮೊದ್ಲು ಬಿಚ್ತಿದ್ದೀರಲ್ಲ ಸ್ವಾಮಿ, ಅದು ಕೊನೇದು. ಮತ್ತೆ ಕುದ್ರೇನ ಯಾಕೆ ಹೊರಗೆಳೀತೀರಿ? ಅದು ನಿಂತಿರ್ಲಿ, ಗಾಡೀನ ಹಿಂದಕ್ಕೆ ತಳ್ಳಿ."

ಎದೆಪಟ್ಟಿಯಿಂದ ಗಾಡಿಗೆ ಹೋಗುವುದೇ ಎಳೆಯುವ ಬಾರು. ನಾನು ಅದನ್ನು ಬಿಚ್ಚಿ, ತೊಡೆಯ ಹಿಂದೆ ಬಳಸಿ ಬರುವ ಪಟ್ಟಿಯನ್ನು ಹಾಗೇ ಬಿಟ್ಟಿದ್ದೆ. ಕುದುರೆ ಮುಂದೆ ಹೋದರೆ ಗಾಡಿಯ ಭಾರವೆಲ್ಲ ಆ ಪಟ್ಟಿಗೇ ಬಿದ್ದು ಹಿಂದಿನಿಂದ ಯಾರೋ ಹಿಡಿದೆಳೆದ ಹಾಗಾಗುತ್ತದೆ. ಮೂಕಿಯೂ ಸೊಟ್ಟಗೆ ತಿರುಗಿ ಮೈಗೆ ತಾಗುತ್ತದೆ. ಈಗ ಮೊದಲು ಮೂಕಿಯ ಹೊಟ್ಟೆಪಟ್ಟಿ, ಆಮೇಲೆ ಹಿಂದಿನ ಪಟ್ಟಿ, ಕೊನೆಗೆ ಎಳೆಯುವ ಬಾರು. ನಡುವೆ ಒಂದು ಹೆಜ್ಜೆ ಇಟ್ಟರೂ ಗಾಡಿ ಎಂದಿನಂತೆ ಅವಳ ಹಿಂದೆಯೇ ಉರುಳಿ ಬರುತ್ತದೆ, ಅಷ್ಟೆ. ಅಷ್ಟೂ ಹೊತ್ತು ನನ್ನ ತಮ್ಮ ಅವಳ ಮುಂದೆ ನಿಂತು ಲಗಾಮು ಹಿಡಿದಿರುತ್ತಾನೆ. ಹೊಟ್ಟೆಪಟ್ಟಿ ಬಿಚ್ಚಿದ ಮೇಲೆ ಹಿಂದಿನ ಭಾರಕ್ಕೆ ಮೂಕಿ ಮೇಲೇಳದಂತೆ ತಡೆಯುವುದು ಏನೂ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ ಮೊದಲೇ ಇಳಿಸಿಬಿಡಿ. ಹಿಂದಿನದು ಕಾಣದಂತೆ ಕಣ್ಣಿನ ಪಕ್ಕಕ್ಕೆ ಕಟ್ಟುವ ಕಣ್ಣುಪಟ್ಟಿಯನ್ನಂತೂ ಗಾಡಿ ದೂರ ಸರಿಯುವವರೆಗೆ ಮುಟ್ಟಲೇಬಾರದು. ಬೆನ್ನ ಹಿಂದೆ ಅಷ್ಟು ದೊಡ್ಡ ಚಕ್ರಗಳು ಥಟ್ಟನೆ ಕಂಡರೆ ಎಂಥ ಸಾಧು ಕುದುರೆಯೂ ಬೆದರೀತು.

ಸಾಬರು ಹೇಳಿದ ಮೇಲೂ ಆರು ಸಂಜೆ ಬೇಕಾಯಿತು. ಹಳೆಯ ಅಂಜಿಕೆ ಅವಳ ಮೈಯಲ್ಲೇ ಕೂತಿತ್ತು. ಒಂದೊಂದು ಬಕಲ್ ಬಿಚ್ಚಿದಾಗಲೂ ಕತ್ತು ಸವರಿ, ಉಸಿರು ಸಡಿಲವಾಗುವವರೆಗೆ ಕಾದೆ. ನಿನ್ನೆ ಕಿವಿ ಮಡಿಸಲಿಲ್ಲ, ನನ್ನ ಕಡೆ ತಿರುಗಿಸಿದಳು.

ನಿನ್ನೆ ಜೀನು ಇಳಿಸಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬೆನ್ನಿನ ಎಡಕ್ಕೆ ಎಂಟಾಣೆ ಅಗಲದಷ್ಟು ಬಿಳಿ ಕೂದಲು. ಅಲ್ಲಿ ಒತ್ತಡ ಬಿದ್ದು ಕೂದಲ ಬೇರು ಕೆಟ್ಟಿರಬೇಕು. ಹಳೆಯ ಗಾಯದ ಗುರುತೋ, ನನ್ನ ಜೀನಿನ ಕೆಲಸವೋ, ನೋಡಬೇಕು. ಎರಡು ಚಕ್ರದ ಗಾಡಿಯಲ್ಲಿ ಮೂಕಿಯ ಭಾರ ಹೊರುವುದು ಅದೇ ಜೀನು ತಾನೆ? ಅದರೊಳಗೆ ತುಂಬಿದ್ದೆಲ್ಲ ಗಂಟುಗಟ್ಟಿದೆ. ಭಾನುವಾರ ಪೂರ್ತಿ ಬಿಚ್ಚಿ ಉಣ್ಣೆ ತುಂಬುತ್ತೇನೆ, ಬೆನ್ನುಮೂಳೆಯ ಮೇಲೆ ಗಾಳಿ ಆಡುವಷ್ಟು ಸಂದು ಬಿಟ್ಟು. ಅಲ್ಲಿಯವರೆಗೆ ಗೌರಿಗೆ ಹುರಳಿ, ಹುಲ್ಲು, ರಜೆ.