ಲಾಂದ್ರ ಮೀನಿನ ಹೆಸರು ಅದರ ದೀಪದಲ್ಲಿದೆ

ಆಳಸಮುದ್ರದ ಟ್ರಾಲ್ ಬಲೆಯಿಂದ ಸುರಿದ ರಾಶಿಯಲ್ಲಿ ಲಾಂದ್ರ ಮೀನು ಸಿಕ್ಕರೆ ಮೊದಲು ಅದರ ಬಾಲದ ಬುಡ ನೋಡಿ. ಬೆರಳುದ್ದದ ಮೀನು, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಬಲೆಯೊಳಗೆ ಸೀಗಡಿ, ಏಡಿ, ಇತರ ಮೀನುಗಳ ಜೊತೆ ಉಜ್ಜಿಕೊಂಡು ಮೇಲೆ ಬರುವಷ್ಟರಲ್ಲಿ ಹುರುಪೆ ಉದುರಿರುತ್ತದೆ, ಪಕ್ಕೆಯ ಚರ್ಮ ಸುಲಿದಿರುತ್ತದೆ. ಎಷ್ಟೋ ಸಲ ಬಾಲದ ಈಜುರೆಕ್ಕೆಯ ಮುಂದಿನ ತುಂಡು ಮಾತ್ರ ನೆಟ್ಟಗೆ ಉಳಿಯುತ್ತದೆ. ಅಲ್ಲಿ, ಕೆಳ ಅಂಚಿನಲ್ಲಿ, ಸಾಸಿವೆಗಿಂತ ಚಿಕ್ಕ ಮುತ್ತಿನ ಚುಕ್ಕೆಗಳು ಕಾಣುತ್ತವೆ, ಇವೇ ಅದರ ದೀಪಗಳು. ಅವು ಎರಡಿದ್ದರೆ ಒಂದು ದಾರಿ, ನಾಲ್ಕಿದ್ದರೆ ಇನ್ನೊಂದು. ಅಷ್ಟರಿಂದಲೇ ಇನ್ನೂರೈವತ್ತು ಪ್ರಭೇದಗಳ ಪಟ್ಟಿ ಎಷ್ಟೋ ಚಿಕ್ಕದಾಗುತ್ತದೆ.

ಈ ಮೀನುಗಳ ಗಣಕ್ಕೆ ಮಿಕ್ಟೋಫಿಫಾರ್ಮಿಸ್ ಎಂದು ಹೆಸರು. ಇದರಲ್ಲಿ ಎರಡೇ ಕುಟುಂಬ. ಮಿಕ್ಟೋಫಿಡೇ, ಅಂದರೆ ನಿಜವಾದ ಲಾಂದ್ರ ಮೀನುಗಳು, ಸುಮಾರು 250 ಪ್ರಭೇದ, ಮೂವತ್ತಕ್ಕೂ ಹೆಚ್ಚು ಜಾತಿ (ಹತ್ತಿರದ ಪ್ರಭೇದಗಳ ಗುಂಪು). ಇನ್ನೊಂದು ನಿಯೋಸ್ಕೋಪೆಲಿಡೇ, ಅದರಲ್ಲಿ ಮೂರು ಜಾತಿ, ಬೆರಳೆಣಿಕೆಯ ಪ್ರಭೇದ. ಅಣ್ಣತಮ್ಮಂದಿರಂಥ ಎರಡು ಕುಟುಂಬಗಳ ನಡುವೆ ಇಷ್ಟು ಅಂತರ ಯಾಕೆ ಎಂಬುದೇ ಈ ಗಣದ ಸ್ವಾರಸ್ಯ. ನನ್ನ ಮಟ್ಟಿಗೆ ಅದರ ಉತ್ತರ ದೀಪದಲ್ಲೇ ಇದೆ.

ಮೊದಲು ವರ್ಗೀಕರಣದ ಗಂಟು ಬಿಡಿಸೋಣ. ಹಳೆಯ ಪುಸ್ತಕಗಳಲ್ಲಿ ಇವನ್ನು ಇನಿಯೋಮಿ ಎಂಬ ದೊಡ್ಡ ಗುಂಪಿನಲ್ಲಿ ಸೇರಿಸಿದ್ದರು. ನಮ್ಮ ಕರಾವಳಿಯ ಮಾರುಕಟ್ಟೆಯಲ್ಲಿ ಸಿಗುವ ಅರಣೆ ಮೀನು, ಬೊಂಬಿಲ್ ಇವೂ ಅದೇ ಗುಂಪಿನಲ್ಲಿದ್ದವು. ಮೇಲುನೋಟಕ್ಕೆ ಇದು ತಪ್ಪೆನಿಸುವುದಿಲ್ಲ: ಬೆನ್ನಿನ ಈಜುರೆಕ್ಕೆಯ ಹಿಂದೆ ಕಡ್ಡಿಯಿಲ್ಲದ ಪುಟ್ಟ ಕೊಬ್ಬಿನ ರೆಕ್ಕೆ ಇಬ್ಬರಿಗೂ ಇದೆ, ಹೊಟ್ಟೆಯ ರೆಕ್ಕೆ ಇಬ್ಬರಿಗೂ ಹಿಂದಕ್ಕಿದೆ, ಬಾಯಿ ಇಬ್ಬರಿಗೂ ಕಣ್ಣು ದಾಟಿ ಸೀಳಿದೆ. 1973ರಲ್ಲಿ ಮೀನುತಜ್ಞ ಡಾನ್ ರೋಸೆನ್ ಕಿವಿರಿನ ಮೂಳೆಗಳನ್ನು ಬಿಡಿಸಿ ನೋಡಿ ಇಬ್ಬರನ್ನೂ ಬೇರೆ ಮಾಡಿದರು. ಅರಣೆ ಮೀನಿನ ಬಳಗದಲ್ಲಿ ಗಂಟಲಿನ ಮೇಲ್ಭಾಗದ ಎರಡನೇ ಮೂಳೆ ಹಿಂದಕ್ಕೂ ಹೊರಕ್ಕೂ ಉದ್ದವಾಗಿ ಚಾಚಿದೆ; ಲಾಂದ್ರ ಮೀನಿನಲ್ಲಿ ಆ ಚಾಚು ಇಲ್ಲ. ಅರಣೆ, ಬೊಂಬಿಲ್ ಔಲೋಪಿಫಾರ್ಮಿಸ್ ಗಣಕ್ಕೆ ಹೋದವು, ಲಾಂದ್ರ ಮೀನು ತನ್ನದೇ ಗಣದಲ್ಲಿ ಉಳಿಯಿತು. ವಂಶವೃಕ್ಷದಲ್ಲಿ ಅದರ ಜಾಗವೂ ಬದಲಾಯಿತು: ಮುಳ್ಳುರೆಕ್ಕೆಯ ಮೀನುಗಳ ಮಹಾಬಳಗಕ್ಕೆ ಲಾಂದ್ರ ಮೀನು ಅರಣೆಗಿಂತ ಹತ್ತಿರದ ನೆಂಟ.

ಗಣದೊಳಗಿನ ಎರಡು ಕುಟುಂಬಗಳನ್ನು ಬೇರ್ಪಡಿಸಲು ಗುದದ ಈಜುರೆಕ್ಕೆ ಸಾಕು. ಅದು ಬೆನ್ನುರೆಕ್ಕೆಯ ಬುಡದ ಕೆಳಗೇ ಅಥವಾ ಅದರ ಸ್ವಲ್ಪ ಹಿಂದೆ ಶುರುವಾದರೆ ಮಿಕ್ಟೋಫಿಡೇ. ಬೆನ್ನುರೆಕ್ಕೆಯಿಂದ ಬಹಳ ಹಿಂದೆ ಶುರುವಾದರೆ ನಿಯೋಸ್ಕೋಪೆಲಿಡೇ. ಈ ಎರಡನೇ ಕುಟುಂಬದ ಮೂರು ಜಾತಿಗಳಲ್ಲಿ ನಿಯೋಸ್ಕೋಪೆಲಸ್‌ಗೆ ಮಾತ್ರ ದೀಪಗಳಿವೆ, ಅದೂ ಹೊಟ್ಟೆಯ ಕೆಳಗೆ ಸಾಲಾಗಿ ಮತ್ತು ನಾಲಿಗೆಯ ಅಂಚಿನಲ್ಲಿ. ಸ್ಕೋಪೆಲೆಂಜಿಸ್, ಸೋಲಿವೋಮರ್ ಎರಡಕ್ಕೂ ದೀಪವೇ ಇಲ್ಲ. ಹಾಗಾಗಿ ರಾಶಿಯಲ್ಲಿ ದೀಪವಿಲ್ಲದ ಒಂದು ಕಂಡರೆ ಚರ್ಮ ಸುಲಿದ ಲಾಂದ್ರ ಮೀನು ಎಂದು ಅವಸರದಲ್ಲಿ ಬದಿಗಿಡಬೇಡಿ. ಗುದದ ರೆಕ್ಕೆ ಎಲ್ಲಿದೆ ನೋಡಿ.

ಈಗ ದೀಪವನ್ನೇ ಹತ್ತಿರದಿಂದ ನೋಡೋಣ. ಹತ್ತು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದ ಕೆಳಗೆ, ಪಕ್ಕದಿಂದ ಬೆಳಕು ಬಿಟ್ಟು, ಮೀನು ಒದ್ದೆಯಿರುವಾಗಲೇ ನೋಡಬೇಕು. ಒಣಗಿದರೆ ಹೊಳಪು ಸತ್ತು ದೀಪವೂ ಕಲೆಯೂ ಒಂದೇ ಆಗುತ್ತದೆ. ಪ್ರತಿಯೊಂದು ದೀಪ ಚರ್ಮದಲ್ಲಿ ಹೂತಿಟ್ಟ ಪುಟ್ಟ ಬಟ್ಟಲು. ಬಟ್ಟಲಿನ ಹೊರಗೋಡೆ ಕಪ್ಪು ವರ್ಣದ ಪದರ, ಬೆಳಕು ಮೀನಿನ ಮೈಯೊಳಗೆ ಸೋರದಂತೆ ತಡೆಯುವುದು ಅದರ ಕೆಲಸ. ಅದರ ಒಳಗೆ ಗ್ವಾನಿನ್ ಹರಳುಗಳ ಕನ್ನಡಿ. ಕನ್ನಡಿಯ ಮುಂದೆ ಬೆಳಕು ಹುಟ್ಟಿಸುವ ಜೀವಕೋಶಗಳು. ಬಾಯಿಗೆ ಮುಚ್ಚಳವಾಗಿ ಒಂದು ಹುರುಪೆ, ಅದರ ನಡುಭಾಗ ದಪ್ಪಗಾಗಿ ಮಸೂರವಾಗಿದೆ. ಹುರುಪೆ ಉದುರಿದರೆ ಮಸೂರವೂ ಹೋಯಿತು, ಆದರೆ ಬಟ್ಟಲು ಸ್ವಲ್ಪ ಕಾಲ ಉಳಿಯುತ್ತದೆ. ಗುರುತಿಸುವವರು ಹುಡುಕಬೇಕಾದ್ದು ಆ ಕಪ್ಪು ಬಟ್ಟಲನ್ನು.

ಈ ಬೆಳಕು ಬ್ಯಾಕ್ಟೀರಿಯಾದ ಸಾಲದ ಬೆಳಕಲ್ಲ. ತಲೆಯ ಮೇಲೆ ಗಾಳ ಹೊತ್ತ ಆಂಗ್ಲರ್ ಮೀನುಗಳು ತಮ್ಮ ಗಾಳದ ತುದಿಯಲ್ಲಿ ಬ್ಯಾಕ್ಟೀರಿಯಾ ಸಾಕುತ್ತವೆ. ಲಾಂದ್ರ ಮೀನು ತನ್ನ ಕೋಶಗಳಲ್ಲೇ ಬೆಳಕು ಮಾಡುತ್ತದೆ. ಅದಕ್ಕೆ ಬೇಕಾದ ಸೀಲೆಂಟರಜೀನ್ ಎಂಬ ರಾಸಾಯನಿಕ ತಿನ್ನುವ ಆಹಾರದಿಂದ ಬರುತ್ತದೆ. ಹಚ್ಚುವುದು ಆರಿಸುವುದು ನರಗಳ ಹಿಡಿತದಲ್ಲಿದೆ. ಬಣ್ಣ ನೀಲಿ, ಯಾಕೆಂದರೆ ಸಮುದ್ರದಲ್ಲಿ ಅತಿ ಆಳಕ್ಕೆ ಇಳಿಯುವ ಸೂರ್ಯನ ಬೆಳಕೂ ನೀಲಿಯೇ, ಈ ಮೀನುಗಳ ಕಣ್ಣು ಚೆನ್ನಾಗಿ ಗ್ರಹಿಸುವುದೂ ನೀಲಿಯನ್ನೇ.

ದೀಪಗಳಿಗೆ ತಜ್ಞರು ಇಟ್ಟ ಹೆಸರುಗಳು ಅಕ್ಷರಗಳಲ್ಲಿವೆ. ಎದೆಯ ಕೆಳಸಾಲು ಪಿಓ, ಹೊಟ್ಟೆರೆಕ್ಕೆಯ ಹಿಂದಿನದು ವಿಓ, ಗುದರೆಕ್ಕೆಯ ಮೇಲಿನದು ಎಓ, ಬಾಲದ ಬುಡದ್ದು ಪಿಆರ್‌ಸಿ, ಗುದದ ಮೇಲೆ ಓರೆಯಾಗಿ ನಿಂತ ಮೂರು ಎಸ್‌ಎಓ, ಎದೆಯ ರೆಕ್ಕೆಯ ಮೇಲಿನ ಒಂಟಿ ದೀಪ ಪಿಎಲ್‌ಓ, ಪಕ್ಕೆಯ ಹಿಂಭಾಗದ್ದು ಪಿಓಎಲ್. ಮೊದಲ ಸಲಕ್ಕೆ ಗೋಜಲೆನಿಸಿದರೂ ಒಂದು ಮೀನಿನ ಎಡಪಕ್ಕೆಯನ್ನು ಕಾಗದದ ಮೇಲೆ ಬರೆದು ಚುಕ್ಕೆ ಇಟ್ಟುಕೊಂಡು ಹೋದರೆ ಮೂರನೇ ಮೀನಿನ ಹೊತ್ತಿಗೆ ಕೈಗೆ ಬರುತ್ತದೆ. ಪಿಆರ್‌ಸಿ ಎರಡೇ ಇದ್ದರೆ ಸಾಮಾನ್ಯವಾಗಿ ಮಿಕ್ಟೋಫಮ್, ಬೆಂತೋಸೀಮಾ, ಹೈಗೋಫಮ್, ಎಲೆಕ್ಟ್ರೋನಾ ಇರುವ ಮಿಕ್ಟೋಫೀನೇ ಉಪಕುಟುಂಬದ ಕಡೆ ಹೋಗಬೇಕು. ನಾಲ್ಕಿದ್ದರೆ ಡಯಾಫಸ್, ಲ್ಯಾಂಪನಿಕ್ಟಸ್ ಇವುಗಳ ಕಡೆ. ಡಯಾಫಸ್‌ನಲ್ಲಿ ಪಿಓ ಸಾಲಿನ ನಾಲ್ಕನೆಯ ದೀಪ ಸಾಲು ಬಿಟ್ಟು ಮೇಲೇರಿರುತ್ತದೆ; ಮಿಕ್ಟೋಫಮ್‌ನಲ್ಲಿ ಸಾಲು ಮಟ್ಟಸ. ಸಾಲಿನಲ್ಲಿ ಒಂದು ದೀಪ ಕಾಣೆಯಾದರೆ ಬಲಪಕ್ಕೆಯನ್ನು ತಿರುಗಿಸಿ ನೋಡದೆ ಸಂಖ್ಯೆ ಬರೆಯಬೇಡಿ. ಸುಲಿದ ಜಾಗವನ್ನು ದೀಪವಿಲ್ಲದ ಜಾಗವೆಂದು ಎಣಿಸುವುದೇ ಇಲ್ಲಿ ಆಗುವ ಅತಿ ಸಾಮಾನ್ಯ ತಪ್ಪು.

ಹೊಟ್ಟೆಯ ಕೆಳಗಿನ ಸಾಲು ಎಲ್ಲ ಪ್ರಭೇದಗಳಲ್ಲೂ ಹೆಚ್ಚುಕಮ್ಮಿ ಒಂದೇ ತರಹ ಇರುವುದಕ್ಕೆ ಕಾರಣವಿದೆ. ಐದುನೂರು ಮೀಟರ್ ಆಳದಲ್ಲಿ ಕೆಳಗಿನಿಂದ ಮೇಲೆ ನೋಡುವ ಬೇಟೆಗಾರನಿಗೆ ಮೀನು ಕಾಣುವುದು ಮಸುಕು ನೀಲಿಯ ಎದುರು ಕಪ್ಪು ನೆರಳಾಗಿ. ಹೊಟ್ಟೆಯ ದೀಪಗಳು ಮೇಲಿಂದ ಬರುವಷ್ಟೇ ಬೆಳಕನ್ನು ಕೆಳಕ್ಕೆ ಚೆಲ್ಲಿ ಆ ನೆರಳನ್ನು ಅಳಿಸುತ್ತವೆ. ಈ ಕೆಲಸಕ್ಕೆ ಎಲ್ಲರಿಗೂ ಒಂದೇ ಬಗೆಯ ದೀಪ ಸಾಕು. ಪಕ್ಕೆಯ ದೀಪಗಳ ವಿಷಯ ಬೇರೆ: ಪ್ರಭೇದದಿಂದ ಪ್ರಭೇದಕ್ಕೆ ಅವುಗಳ ಜಾಗ ಬದಲಾಗುತ್ತದೆ, ಕತ್ತಲಲ್ಲಿ ತನ್ನವರನ್ನು ಗುರುತಿಸಲು ಬೇಕಾದ್ದೂ ಇಂಥ ಗುರುತೇ. ಪಕ್ಕೆಯ ದೀಪವಿರುವ ಮಿಕ್ಟೋಫಿಡೇ ಇನ್ನೂರೈವತ್ತಾಗಿ ಒಡೆದು, ಇಲ್ಲದ ನಿಯೋಸ್ಕೋಪೆಲಿಡೇ ಬೆರಳೆಣಿಕೆಗೆ ನಿಂತಿದ್ದನ್ನು ನಾನು ಇದರ ಜೊತೆಗೇ ಓದುತ್ತೇನೆ. ಬಾಲದ ಗ್ರಂಥಿಗಳು ಇನ್ನೂ ಸ್ಪಷ್ಟ: ಮಿಕ್ಟೋಫಮ್‌ನಲ್ಲಿ ಬೆಳೆದ ಗಂಡಿಗೆ ಬಾಲದ ಬುಡದ ಮೇಲೆ ಹೊಳೆಯುವ ಪಟ್ಟಿ, ಹೆಣ್ಣಿಗೆ ಕೆಳಗೆ. ಹೊಟ್ಟೆ ಕೊಯ್ಯದೆ ಗಂಡು ಹೆಣ್ಣು ಹೇಳಬಹುದು.

ಮರಿಗಳಿಗೆ ಹೆಚ್ಚಿನ ದೀಪಗಳು ಇನ್ನೂ ಮೂಡಿರುವುದಿಲ್ಲ, ಆದರೂ ಗುರುತು ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಜೆಫ್ರಿ ಮೋಸರ್ ಮತ್ತು ಎಲ್ಬರ್ಟ್ ಆಲ್‌ಸ್ಟ್ರಮ್ 1970ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಮಿಕ್ಟೋಫೀನೇ ಬಳಗದ ಮರಿಗಳ ಕಣ್ಣು ಕಿರಿದಾದ ಮೊಟ್ಟೆಯಾಕಾರ, ಕೆಲವಲ್ಲಿ ಕಾಂಡದ ಮೇಲೆ ನಿಂತಂತೆ; ಲ್ಯಾಂಪನಿಕ್ಟಸ್ ಇರುವ ಲ್ಯಾಂಪನಿಕ್ಟೀನೇ ಬಳಗದ ಮರಿಗಳ ಕಣ್ಣು ದುಂಡು. ಬೆಳೆದ ಮೀನಿನ ಮೂಳೆ ನೋಡಿ ಹೇಳಿದ ವಿಭಾಗವೇ ಮರಿಯ ಕಣ್ಣಲ್ಲೂ ಕಂಡಾಗ ಆ ವಿಭಾಗದ ಮೇಲೆ ನಂಬಿಕೆ ಗಟ್ಟಿಯಾಗುತ್ತದೆ.

ಹಗಲು 300ರಿಂದ 1,000 ಮೀಟರ್ ಆಳ, ರಾತ್ರಿ ಮೇಲಿನ ನೂರು ಮೀಟರ್. ಹೆಚ್ಚಿನ ಲಾಂದ್ರ ಮೀನುಗಳ ದಿನಚರಿ ಇದು. ಸಂಜೆ ಕತ್ತಲಾದಂತೆ ಪ್ಲಾಂಕ್ಟನ್ ಸೀಗಡಿಯಂಥ ಕೋಪೆಪಾಡ್‌ಗಳನ್ನು ತಿನ್ನಲು ಏರುತ್ತವೆ, ಬೆಳಗಾಗುವ ಮೊದಲು ಇಳಿಯುತ್ತವೆ. ಮೇಲೆ ತಿಂದದ್ದನ್ನು ಕೆಳಗೆ ಉಸಿರಾಡಿ, ವಿಸರ್ಜಿಸಿ ಮುಗಿಸುವುದರಿಂದ ಮೇಲಿನ ನೀರಿನ ಇಂಗಾಲ ಆಳಕ್ಕೆ ಸೇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಶಬ್ದ ಬಿಟ್ಟು ಅದರ ಪ್ರತಿಧ್ವನಿ ಕೇಳುವ ಸೋನಾರ್ ನಡೆಸುತ್ತಿದ್ದವರಿಗೆ ನಡುನೀರಿನಲ್ಲೇ ಸುಳ್ಳು ತಳದಂಥ ಪದರ ಕಂಡಿತು, ರಾತ್ರಿ ಅದು ಮೇಲೇರುತ್ತಿತ್ತು. ಪ್ರತಿಧ್ವನಿಯ ದೊಡ್ಡ ಪಾಲು ಇಂಥ ಮೀನುಗಳ ಗಾಳಿಚೀಲದ್ದು.

ಆದರೆ ಆ ಪ್ರತಿಧ್ವನಿಯನ್ನು ನೇರ ಟನ್ನಿಗೆ ಲೆಕ್ಕ ಹಾಕಿದರೆ ಎಡವುತ್ತೇವೆ. ಉತ್ತರ ಪೆಸಿಫಿಕ್‌ನ ಸ್ಟೀನೋಬ್ರೇಕಿಯಸ್ ಲ್ಯೂಕಾಪ್ಸಾರಸ್ ದೊಡ್ಡದಾದಂತೆ ಗಾಳಿಚೀಲ ಕುಗ್ಗಿ ಕೊಬ್ಬು ತುಂಬಿಕೊಳ್ಳುತ್ತದೆ. ತೇಲುವುದಕ್ಕೆ ಕೊಬ್ಬೇ ಸಾಕು, ಸೋನಾರ್‌ಗೆ ಮಾತ್ರ ಅದು ಬಹುತೇಕ ಕಾಣದು. ಇನ್ನೊಂದೆಡೆ ಗಾಳಿಗುಳ್ಳೆ ಹೊತ್ತ ಸೈಫನೋಫೋರ್‌ಗಳು (ಲೋಳೆಮೀನಿನ ನೆಂಟರು) ಮೀನಲ್ಲದಿದ್ದರೂ ಜೋರಾಗಿ ಪ್ರತಿಧ್ವನಿಸುತ್ತವೆ. ಬಲೆ ಹಾಕಿದರೆ ಲಾಂದ್ರ ಮೀನುಗಳು ಬಲೆ ಬರುವುದನ್ನು ಅರಿತು ಜಾರುತ್ತವೆ. ಹೀಗಾಗಿ 1980ರಲ್ಲಿ ಜಗತ್ತಿನ ನಡುನೀರಿನ ಮೀನುಗಳ ಒಟ್ಟು ತೂಕ ಸುಮಾರು 100 ಕೋಟಿ ಟನ್ ಎಂದು ಅಂದಾಜಿಸಿದ್ದು 2014ರಲ್ಲಿ ಸೋನಾರ್ ಆಧಾರದ ಮೇಲೆ ಅದರ ಹತ್ತು ಪಟ್ಟಿನ ಸುಮಾರಿಗೆ ಏರಿತು. ಎರಡೂ ಲಾಂದ್ರ ಮೀನು ಒಂದರ ಲೆಕ್ಕವಲ್ಲ, ಎಲ್ಲ ನಡುನೀರಿನ ಮೀನುಗಳದ್ದು. ಹೊಸ ಸಂಖ್ಯೆಯನ್ನೇ ಹಿಡಿದು ಮೀನುಗಾರಿಕೆಯ ಯೋಜನೆ ಬರೆಯುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ.

ನಮ್ಮ ಅರಬ್ಬೀ ಸಮುದ್ರದ ಮೀನು ಬೆಂತೋಸೀಮಾ ಟೆರೋಟಮ್. 1890ರಲ್ಲಿ ಆಲ್‌ಫ್ರೆಡ್ ಆಲ್ಕಾಕ್ ಇದನ್ನು ಮೊದಲು ವಿವರಿಸಿದ್ದು ಬಂಗಾಳ ಕೊಲ್ಲಿಯಲ್ಲಿ ಇನ್ವೆಸ್ಟಿಗೇಟರ್ ಹಡಗು ಹಿಡಿದ ಮಾದರಿಯಿಂದ, ಆದರೆ ಇದರ ದೊಡ್ಡ ದಟ್ಟಣೆ ಓಮಾನ್ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ಉತ್ತರ, ಪಶ್ಚಿಮ ಭಾಗದಲ್ಲಿ. ಬೂತಾಯಿಯ ಪಕ್ಕ ಇಟ್ಟರೆ ಮರಿಯಂತೆ ಕಾಣುತ್ತದೆ, ಆಯಸ್ಸು ಒಂದು ವರ್ಷದ ಆಸುಪಾಸು. 1970ರ ದಶಕದಿಂದ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಸಂಶೋಧನಾ ಹಡಗಿನ ಸಮೀಕ್ಷೆಗಳು ಇದನ್ನು ಬೆಳಕಿಗೆ ತಂದವು. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್‌ವರೆಗೆ ಆಮ್ಲಜನಕ ಬಹುತೇಕ ಇಲ್ಲದ ದಪ್ಪ ಪದರವಿದೆ. ಟೆರೋಟಮ್ ಹಗಲೆಲ್ಲ ಅದೇ ಪದರದಲ್ಲಿ ಇರುತ್ತದೆ. ಬೇಟೆಯಾಡುವ ವೇಗದ ಮೀನುಗಳಿಗೆ ಅಲ್ಲಿ ಉಸಿರು ಕಟ್ಟುತ್ತದೆ, ಅದೇ ಇದಕ್ಕೆ ರಕ್ಷಣೆ. ರಾತ್ರಿ ಆಮ್ಲಜನಕವಿರುವ ಮೇಲಿನ ನೀರಿಗೆ ಬಂದಾಗ ಗೇದರೆಯೂ ಇತರರೂ ಕಾದಿರುತ್ತವೆ.

ದಕ್ಷಿಣಕ್ಕೆ, ಕೇರಳದ ಕೊಲ್ಲಂ ಕಡೆ ಆಳಸಮುದ್ರದ ಸೀಗಡಿಗೆ ಹೋಗುವ ಟ್ರಾಲ್ ಬೋಟುಗಳ ಬಲೆಯಲ್ಲಿ ಬೇರೆಯೇ ಮೀನು ಬರುತ್ತದೆ: ಡಯಾಫಸ್ ವಾಟಸೇ, ಲಾಂದ್ರ ಮೀನುಗಳಲ್ಲಿ ದೊಡ್ಡದು, ಅದರ ಜೊತೆ ನಿಯೋಸ್ಕೋಪೆಲಸ್. ಅಂದರೆ ಗಣದ ಎರಡೂ ಕುಟುಂಬ ಒಂದೇ ರಾಶಿಯಲ್ಲಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮಾದರಿ ಇಡುವಾಗ ಕ್ರಮ ತಪ್ಪಬಾರದು. ಮೊದಲು ಹಸಿ ಮೀನಿನ ಎಡಪಕ್ಕೆಯ ಫೋಟೋ. ನಂತರ ಬಲಪಕ್ಕೆಯಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು 95 ಶೇಕಡಾ ಆಲ್ಕೋಹಾಲಿಗೆ, ಅದು ಡಿಎನ್‌ಎಗೆ. ಬೆಳವಣಿಗೆಯ ಲೆಕ್ಕ ಬೇಕಿದ್ದರೆ ಅದೇ ಪ್ರಭೇದದ ಇನ್ನೊಂದು ಮೀನಿನ ತಲೆಯಿಂದ ಕಿವಿಕಲ್ಲು ತೆಗೆದು ಒಣಗಿಸಿ ಇಡಬೇಕು. ಅದರಲ್ಲಿ ದಿನಕ್ಕೊಂದರಂತೆ ಉಂಗುರ ಕೂಡಿರುತ್ತದೆ. ಆಮೇಲೆ ಮಾತ್ರ ಫಾರ್ಮಲಿನ್. ಅಂಗಡಿಯ ಫಾರ್ಮಲಿನ್ ಒಂದು ಪಾಲು, ಸಮುದ್ರದ ನೀರು ಒಂಬತ್ತು ಪಾಲು, ಜೊತೆಗೆ ಬೊರಾಕ್ಸ್. ಬೊರಾಕ್ಸ್ ಮರೆತರೆ ದ್ರಾವಣ ಹುಳಿಯಾಗಿ ಕಿವಿಕಲ್ಲು ಕರಗುತ್ತದೆ, ಮೂಳೆ ಮೆತ್ತಗಾಗುತ್ತದೆ. ಫಾರ್ಮಲಿನ್‌ಗೆ ಹಾಕಿದ ಮಾಂಸದಿಂದ ಡಿಎನ್‌ಎ ತೆಗೆಯುವುದು ಬಹಳ ಕಷ್ಟ. ಕೆಲವು ದಿನ ಬಿಟ್ಟು, ನೀರಿನಲ್ಲಿ ತೊಳೆದು, 70 ಶೇಕಡಾ ಆಲ್ಕೋಹಾಲಿಗೆ ವರ್ಗಾಯಿಸಿ. ಬಾಟಲಿಯಲ್ಲಿ ಕಿಕ್ಕಿರಿದು ತುಂಬಬೇಡಿ. ಬಲೆ ಉಳಿಸಿದ ಚರ್ಮವನ್ನು ಬಾಟಲಿ ಸುಲಿಯುತ್ತದೆ.

ಇಷ್ಟು ಹೇರಳವಾಗಿರುವ ಮೀನನ್ನು ಹಿಡಿದು ಬದುಕಲು ಯಾಕಾಗಲಿಲ್ಲ ಎಂದು ಕೇಳುವವರಿದ್ದಾರೆ. ಪ್ರಯತ್ನ ನಡೆದಿದೆ. ದಕ್ಷಿಣ ಆಫ್ರಿಕಾದಲ್ಲಿ ಲ್ಯಾಂಪನಿಕ್ಟೋಡಿಸ್ ಹೆಕ್ಟೋರಿಸ್ ಎಂಬ ಲಾಂದ್ರ ಮೀನನ್ನು ಸುತ್ತುಬಲೆಯಲ್ಲಿ ಹಿಡಿದು ಮೀನುಹಿಟ್ಟು, ಎಣ್ಣೆ ಮಾಡಿದರು. 1973ರಲ್ಲಿ ಅದು 42,400 ಟನ್ ಮುಟ್ಟಿತು. ಮೀನಿನಲ್ಲಿ ಎಣ್ಣೆ ವಿಪರೀತ ಇದ್ದುದರಿಂದ ಕಾರ್ಖಾನೆಯಲ್ಲಿ ಸಂಸ್ಕರಣೆ ಕಷ್ಟವಾಗಿ 1980ರ ದಶಕದ ನಡುವಿಗೆ ನಿಂತುಹೋಯಿತು. ಸೋವಿಯತ್ ಹಡಗುಗಳು ದಕ್ಷಿಣ ಮಹಾಸಾಗರದಲ್ಲಿ ಎಲೆಕ್ಟ್ರೋನಾ ಕಾರ್ಲ್ಸ್‌ಬರ್ಗಿಯನ್ನು 1990–91ರ ಋತುವಿನಲ್ಲಿ 78,000 ಟನ್ನಿನಷ್ಟು ಹಿಡಿದವು, ಮರುವರ್ಷದ ಹೊತ್ತಿಗೆ ಅದೂ ಮುಗಿಯಿತು. ಅದೇ ಮೀನು ಕಿಂಗ್ ಪೆಂಗ್ವಿನ್‌ಗಳ ಮುಖ್ಯ ಊಟಗಳಲ್ಲೊಂದು. ಕೆಲವು ಪ್ರಭೇದಗಳ ಕೊಬ್ಬು ಮೇಣದ ಬಗೆಯದು, ಮನುಷ್ಯರಿಗೆ ಜೀರ್ಣವಾಗದು, ಹಾಗಾಗಿ ಯಾವ ಪ್ರಭೇದ ಎಂದು ತಿಳಿಯದೆ ರಾಶಿಯನ್ನು ಆಹಾರವೆಂದು ಎಣಿಸುವುದೂ ತಪ್ಪು.

ಅದಕ್ಕೇ ನನ್ನ ಕೋರಿಕೆ ಸಣ್ಣದು. ಆಳಸಮುದ್ರದ ಬೋಟಿನ ರಾಶಿ ಮೀನುಹಿಟ್ಟಿಗೆ ಹೋಗುವ ಮೊದಲು ಇಪ್ಪತ್ತು ಮೀನನ್ನು ಐಸ್ ಡಬ್ಬಿಗೆ ಎತ್ತಿಟ್ಟು, ಬಲೆ ಎಳೆದ ಆಳ, ಹೊತ್ತು, ಜಾಗ ಒಂದು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ.